ಯಜಮಾನನ ಮಾತೂ ಸೆರೆಯವನ ಮಾತೂ

(ಓದತಕ್ಕ ಭಾಗಗಳು: ಅಪೊಸ್ತಲರ ಕೃತ್ಯಗಳು 27ನೆಯ ಅಧ್ಯಾಯ, ಲೂಕನ ಸುವಾರ್ತೆ 13ನೆಯ ಅಧ್ಯಾಯ, 1ರಿಂದ 5ರ ವರೆಗೆ.)



ಸಮುದ್ರವನ್ನು ಕಣ್ಣಾರೆ ಕಂಡವರು ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯ ಸಭೆಗಳಲ್ಲಿ ಬಹಳ ಮಂದಿಯಿಲ್ಲ. ನಮಗೆ ನೀರೆಂದರೆ ಕೆರೆಯ ನೀರು, ಕೊಳವೆಬಾವಿಯ ನೀರು, ಹೆಚ್ಚೆಂದರೆ ಸುವರ್ಣಾವತಿಯ ಅಣೆಕಟ್ಟಿನ ನೀರು. ಆದಾಗ್ಯೂ 2023ನೆಯ ಇಸವಿ ಜೂನ್ ತಿಂಗಳಲ್ಲಿ ಅಟ್ಲಾಂಟಿಕ್ ಮಹಾಸಾಗರದ ಆಳದಲ್ಲಿ ಐದು ಮಂದಿಯನ್ನು ಕೊಂದ ಆ ಚಿಕ್ಕ ಮುಳುಗುನೌಕೆಯ ಸುದ್ದಿಯು ನಮ್ಮ ಹಳ್ಳಿಗಳ ಟೀ ಅಂಗಡಿಗಳಿಗೂ ಮುಟ್ಟಿ, ಅನೇಕ ದಿನ ಜನರ ಬಾಯಲ್ಲಿತ್ತು. ಆಮೇಲೆ ಬೇರೆ ಸುದ್ದಿಗಳು ಬಂದವು, ಇದನ್ನು ಮರೆತೆವು. ಆದರೆ ಆ ದುರ್ಮರಣಗಳ ವಿಚಾರಣೆಯು ನಿಲ್ಲಲಿಲ್ಲ. 2024ನೆಯ ಇಸವಿ ಸೆಪ್ಟೆಂಬರ್ ತಿಂಗಳಲ್ಲಿ ಅಮೆರಿಕಾ ದೇಶದ ಕರಾವಳಿ ಕಾವಲುಪಡೆಯವರು ಬಹಿರಂಗವಾಗಿ ಸಾಕ್ಷಿಗಳನ್ನು ಕೇಳಿ, 2025ನೆಯ ಇಸವಿ ಆಗಸ್ಟ್ ತಿಂಗಳಲ್ಲಿ 300ಕ್ಕಿಂತ ಹೆಚ್ಚು ಪುಟಗಳ ವರದಿಯನ್ನು ಪ್ರಕಟಿಸಿದರು. ಆ ಮರಣಗಳು ತಪ್ಪಿಸಬಹುದಾದ ಮರಣಗಳಾಗಿದ್ದವೆಂಬದೇ ಅದರ ತಾತ್ಪರ್ಯ. ಈ ಒಂದು ಮಾತಿನ ನಿಮಿತ್ತ ನಾವು ಹಳೆಯ ಸುದ್ದಿಯನ್ನು ತಿರಿಗಿ ನಿಮ್ಮ ಮುಂದೆ ಇಡುತ್ತೇವೆ.

ಮೊದಲು ನಡೆದದ್ದನ್ನು ತಿಳುಕೊಳ್ಳೋಣ. 1912ನೆಯ ಇಸವಿ ಏಪ್ರಿಲ್ 15ರಂದು ಟೈಟಾನಿಕ್ ಎಂಬ ದೊಡ್ಡ ಹಡಗು ಮಂಜುಗಡ್ಡೆಗೆ ತಗಲಿ ಮುಳುಗಿ 1,500ಕ್ಕಿಂತ ಹೆಚ್ಚು ಜನರು ಸತ್ತರು. ಅದರ ಅವಶೇಷವು ಸುಮಾರು 3,800 ಮೀಟರ್ ಆಳದಲ್ಲಿ ಬಿದ್ದದೆ. ನಮ್ಮ ಹಿಮವದ್ ಗೋಪಾಲಸ್ವಾಮಿ ಬೆಟ್ಟವನ್ನು ಸಮುದ್ರದಲ್ಲಿ ನಿಲ್ಲಿಸಿ, ಅದರ ನೆತ್ತಿಯ ಮೇಲೆ ಅಂಥದೇ ಇನ್ನೊಂದು ಬೆಟ್ಟವನ್ನೂ, ಅದರ ಮೇಲೆ ಅರ್ಧ ಬೆಟ್ಟವನ್ನೂ ಇಟ್ಟರೂ ನೀರಿನ ಮೇಲೆ ತಲೆ ಕಾಣಿಸದಷ್ಟು ಆಳವದು. ಅಲ್ಲಿಗೆ ಜನರನ್ನು ಇಳಿಸಿ ತೋರಿಸುವದಕ್ಕೆ ಓಷನ್‌ಗೇಟ್ ಎಂಬ ಕಂಪನಿಯವರು ಟೈಟನ್ ಎಂಬ ನೌಕೆಯನ್ನು ಮಾಡಿದ್ದರು. ಒಬ್ಬೊಬ್ಬರಿಗೆ ಎರಡೂವರೆ ಲಕ್ಷ ಡಾಲರಿನ ವರೆಗೆ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಎರಡು ಕೋಟಿ ರೂಪಾಯಿ ದರವಿತ್ತು. 2023ನೆಯ ಇಸವಿ ಜೂನ್ 18, ಭಾನುವಾರದ ದಿವಸ ಐವರು ಅದರಲ್ಲಿ ಇಳಿದರು. ಅವರಲ್ಲಿ ಕಂಪನಿಯ ಯಜಮಾನನಾದ ಸ್ಟಾಕ್ಟನ್ ರಶ್ ಎಂಬವನೇ ನಡಿಸುವವನಾಗಿದ್ದನು. ಟೈಟಾನಿಕ್ಕಿನ ಬಳಿಗೆ ಅನೇಕ ಸಾರಿ ಇಳಿದಿದ್ದ ಫ್ರಾನ್ಸ್ ದೇಶದ ಅನುಭವಿಯೊಬ್ಬನಿದ್ದನು. ಒಬ್ಬ ತಂದೆಯೂ ಅವನ 19 ವರುಷದ ಮಗನೂ ಇದ್ದರು. ಇಳಿಯಲಾರಂಭಿಸಿ ಒಂದೂಮುಕ್ಕಾಲು ಗಂಟೆಯಾಗುವಷ್ಟರಲ್ಲಿ ಮೇಲಿನ ಹಡಗಿಗೂ ಅದಕ್ಕೂ ಇದ್ದ ಮಾತು ನಿಂತುಹೋಯಿತು. ನಾಲ್ಕು ದಿನಗಳ ತರುವಾಯ, ಜೂನ್ 22ರಂದು, ದೂರದಿಂದ ನಡಿಸಲ್ಪಡುವ ಯಂತ್ರವೊಂದು ಟೈಟಾನಿಕ್ಕಿನ ಮೂತಿಯಿಂದ ಸುಮಾರು 500 ಮೀಟರ್ ದೂರದಲ್ಲಿ ಆ ನೌಕೆಯ ತುಂಡುಗಳನ್ನು ಕಂಡಿತು.

ಬಾವಿಯಲ್ಲಿ ಮುಳುಗು ಹಾಕಿದವರಿಗೆ ಎರಡಾಳು ಆಳದಲ್ಲೇ ಕಿವಿ ಒತ್ತುವದು ತಿಳಿದದೆ. ಪ್ರತಿ ಹತ್ತು ಮೀಟರಿಗೆ ಈ ಒತ್ತಡವು ಒಂದೊಂದು ಪಾಲು ಹೆಚ್ಚುತ್ತಾ ಹೋಗಿ, 3,800 ಮೀಟರ್ ಆಳದಲ್ಲಿ ಹೆಬ್ಬೆರಳಿನ ಉಗುರಿನಷ್ಟು ಜಾಗದ ಮೇಲೆ ಸುಮಾರು ನಾಲ್ಕು ಕ್ವಿಂಟಾಲ್ ಅರಿಶಿನದ ಭಾರವನ್ನು ಹೇರಿದ ಹಾಗಾಗುವದು. ಇಂಥ ಆಳಕ್ಕೆ ಇಳಿಯುವ ನೌಕೆಗಳಲ್ಲಿ ಮನುಷ್ಯರು ಕೂರುವ ಕೋಣೆಯನ್ನು ಉಕ್ಕಿನಿಂದಲೋ ಟೈಟೇನಿಯಂ ಎಂಬ ಲೋಹದಿಂದಲೋ ಗೋಳಾಕಾರವಾಗಿ ಮಾಡುವದು ವಾಡಿಕೆ. ನಮ್ಮ ದೇಶದವರು ಮದರಾಸಿನಲ್ಲಿ ಸಿದ್ಧಮಾಡುತ್ತಿರುವ ಮತ್ಸ್ಯ 6000 ಎಂಬದರ ಕೋಣೆಯೂ ಟೈಟೇನಿಯಂ ಗೋಳವೇ. ಟೈಟನ್ ನೌಕೆಯಾದರೋ ಕೊಳವೆಯ ಆಕಾರದ್ದು. ಅದರ ಎರಡು ತುದಿಗಳು ಮಾತ್ರ ಲೋಹ, ನಡುವಿನ ಕೊಳವೆಯು ಇಂಗಾಲದ ನೂಲನ್ನು ಅಂಟಿನೊಡನೆ ಪದರ ಪದರವಾಗಿ ಸುತ್ತಿ ಮಾಡಿದ್ದು. ಹಗ್ಗವನ್ನು ಎಳೆದರೆ ಆನೆಯನ್ನಾದರೂ ತಡೆದೀತು. ಅದೇ ಹಗ್ಗವನ್ನು ಎರಡು ಕಡೆಯಿಂದ ಒತ್ತಿದರೆ ಮುದುಡುವದು. ನೂಲಿನ ಬಲವು ಎಳೆತಕ್ಕೆ ಹೆಚ್ಚು, ಒತ್ತಡಕ್ಕೆ ಕಡಿಮೆ. ಪದರಗಳು ಒಂದಕ್ಕೊಂದು ಬಿಟ್ಟುಕೊಂಡರಂತೂ ಹೇಳತಕ್ಕದ್ದಿಲ್ಲ. ಹಾಗೆ ಬಿಟ್ಟುಕೊಂಡು, ಒಂದು ದಿನ ಕಣ್ಣು ಮಿಟುಕಿಸುವದಕ್ಕಿಂತ ಬೇಗನೆ ಸಮುದ್ರವು ಅದನ್ನು ಹಿಸುಕಿಬಿಟ್ಟಿತು. ಒಳಗಿದ್ದವರಿಗೆ ನೋವು ತಿಳಿಯುವದಕ್ಕೂ ಹೊತ್ತಿರಲಿಲ್ಲ.

ಈ ಸುದ್ದಿ ಬಂದ ದಿನಗಳಲ್ಲಿ ಜನರು ಆಡಿಕೊಂಡ ಮಾತುಗಳು ನಿಮ್ಮಲ್ಲಿ ಅನೇಕರಿಗೆ ನೆನಪಿರಬಹುದು. ಹಣ ಹೆಚ್ಚಾದವರಿಗೆ ಹೀಗೇ ಆಗಬೇಕು ಎಂದು ಕೆಲವರು ನಕ್ಕರು. ಸತ್ತವರು ಮಲಗಿರುವ ಜಾಗವನ್ನು ನೋಡಲು ಹೋದದ್ದಕ್ಕೆ ದೇವರು ಶಿಕ್ಷಿಸಿದನೆಂದು ಇನ್ನು ಕೆಲವರು ಹೇಳಿದರು. ಅವಿಶ್ವಾಸಿಗಳು ಮಾತ್ರ ಹೀಗೆ ಹೇಳಿದ್ದಾದರೆ ನಾವು ಸುಮ್ಮನಿರುತ್ತಿದ್ದೆವು. ದೇವರ ವಾಕ್ಯವನ್ನು ಪ್ರತಿ ಭಾನುವಾರ ಕೇಳುವವರೂ ಹೀಗೇ ಹೇಳಿದರು.

ಪ್ರಿಯರೇ, ಕರ್ತನ ಬಳಿಗೆ ಇಂಥದೇ ಸುದ್ದಿಯನ್ನು ತಂದವರುಂಟು. ಬಲಿಯರ್ಪಿಸುತ್ತಿದ್ದ ಗಲಿಲಾಯದವರು ಕೆಲವರನ್ನು ಪಿಲಾತನು ಕೊಲ್ಲಿಸಿದ ಸುದ್ದಿಯದು. ಸತ್ತವರು ಹೆಚ್ಚಿನ ಪಾಪಿಗಳಾಗಿದ್ದರೆಂದು ತಿಳಿಯುತ್ತೀರೋ ಎಂಬದಾಗಿ ಕರ್ತನು ಅವರನ್ನೇ ಕೇಳಿ, ಸಿಲೊವಾಮಿನಲ್ಲಿ ಬುರುಜು ಬಿದ್ದು ಸತ್ತ 18 ಮಂದಿಯ ಸಂಗತಿಯನ್ನೂ ತಾನಾಗಿಯೇ ಎತ್ತಿ, ಹಾಗಲ್ಲವೆಂದು ಎರಡು ಸಾರಿ ಹೇಳಿ, ಕೇಳುತ್ತಿದ್ದವರ ಕಡೆಗೇ ಬೆರಳು ತೋರಿಸಿ, ನೀವು ತಿರುಗಿಕೊಳ್ಳಿರಿ ಎಂದನು. ಸತ್ತವರ ಲೆಕ್ಕವನ್ನು ತೀರಿಸುವ ಕೆಲಸವನ್ನು ಆತನು ನಮಗೆ ಕೊಡಲೇ ಇಲ್ಲ.

ದೂರದ ಶ್ರೀಮಂತರ ವಿಷಯದಲ್ಲಿ ನಾಲಿಗೆಯು ಸಡಿಲವಾಗುವದು ಸುಲಭ. ಅದೇ ಅಳತೆಗೋಲನ್ನು ನಮ್ಮ ಸೀಮೆಗೆ ತಂದು ನೋಡಿರಿ. 2022ನೆಯ ಇಸವಿ ಮಾರ್ಚ್ 4ರಂದು ಗುಂಡ್ಲುಪೇಟೆ ತಾಲ್ಲೂಕಿನ ಮಡಹಳ್ಳಿಯ ಹತ್ತಿರ ಕಲ್ಲು ಕ್ವಾರಿಯಲ್ಲಿ ಗುಡ್ಡವು ಕುಸಿದು ಮೂವರು ಕೂಲಿಯವರು ಬಂಡೆಗಳ ಕೆಳಗೆ ಸತ್ತರು. ಹೊಟ್ಟೆಪಾಡಿಗೆ ಹೊರರಾಜ್ಯದಿಂದ ಬಂದವರು ಅವರು. ಅದಕ್ಕಿಂತ ಮುಂಚೆ, 2021ನೆಯ ಇಸವಿ ಮೇ 2ನೆಯ ತಾರೀಖಿನ ರಾತ್ರಿಯಿಂದ ಮರುದಿನದೊಳಗೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ಮಂದಿ ರೋಗಿಗಳು ತೀರಿಹೋದರು; ಆ ರಾತ್ರಿಯಲ್ಲಿ ಆಮ್ಲಜನಕವು ಸಾಲದೆ ಹೋಗಿತ್ತು. ಆ ಮೂವರನ್ನೂ ಈ 24 ಮಂದಿಯನ್ನೂ ದೇವರು ಆರಿಸಿ ಹೊಡೆದನೆಂದು ಅವರ ತಾಯಿಯ ಎದುರಿನಲ್ಲಿ ನಿಂತು ಯಾರಾದರೂ ಹೇಳುವರೋ? ಹೇಳಿದರೆ ಅಂಥವನ ಬಾಯನ್ನು ಮುಚ್ಚಿಸಬೇಕಲ್ಲವೋ? ಮಡಹಳ್ಳಿಯಲ್ಲಿ ಸುಳ್ಳಾದದ್ದು ಅಟ್ಲಾಂಟಿಕ್ಕಿನಲ್ಲಿ ಸತ್ಯವಾಗಲಾರದು.

ಹಾಗಾದರೆ ಬುರುಜು ಯಾಕೆ ಬಿತ್ತು? ಈ ಪ್ರಶ್ನೆಯನ್ನು ಕೇಳುವದು ಅವಿಶ್ವಾಸವಲ್ಲ. ಎಲ್ಲವೂ ದೇವರ ಚಿತ್ತವೆಂದು ಹೇಳಿ ಎದ್ದುಹೋಗುವದು ಕೆಲವು ಸಾರಿ ಭಕ್ತಿಯಂತೆ ಕಂಡರೂ ಸೋಮಾರಿತನವೇ ಆಗಿರುವದು. ಇನ್ನು ಕೆಲವು ಸಾರಿ ತಪ್ಪು ಮಾಡಿದವನಿಗೆ ಮರೆಯಾಗುವದು. ಮೋಶೆಯ ಮುಖಾಂತರ ಕೊಡಲ್ಪಟ್ಟ ಧರ್ಮಶಾಸ್ತ್ರದಲ್ಲಿ, ಧರ್ಮೋಪದೇಶಕಾಂಡದ 22ನೆಯ ಅಧ್ಯಾಯದಲ್ಲಿ, ಒಂದು ಚಿಕ್ಕ ಕಟ್ಟಳೆಯದೆ. ಹೊಸ ಮನೆ ಕಟ್ಟುವವನು ಮಾಳಿಗೆಯ ಸುತ್ತಲೂ ತಡೆಗೋಡೆಯನ್ನು ಕಟ್ಟಬೇಕು. ಕಟ್ಟದೆ ಯಾವನಾದರೂ ಬಿದ್ದು ಸತ್ತರೆ ಆ ರಕ್ತಾಪರಾಧವು ಮನೆಯವರ ಮೇಲಿರುವದು. ಪರಲೋಕ ಭೂಲೋಕಗಳನ್ನು ಉಂಟುಮಾಡಿದ ದೇವರು ಮೊಳದೆತ್ತರದ ಗೋಡೆಯ ಮಾತನ್ನು ಆಡಿದ್ದಾನೆಂಬದು ಎಷ್ಟು ಆಶ್ಚರ್ಯ! ಬಿದ್ದವನು ಬಿದ್ದದ್ದು ವಿಧಿಯೆಂದು ಆತನು ಹೇಳಲಿಲ್ಲ. ಗೋಡೆ ಎಲ್ಲಿ ಎಂದು ಕೇಳಿದನು.

ಆ ಕಂಪನಿಯವರಿಗೆ ಗೋಡೆಯ ಮಾತು ಹಿಡಿಸಲಿಲ್ಲ. ಹಡಗುಗಳನ್ನೂ ನೌಕೆಗಳನ್ನೂ ಪರೀಕ್ಷಿಸಿ ಯೋಗ್ಯವೆಂದು ಪತ್ರ ಕೊಡುವ ಸ್ವತಂತ್ರ ಸಂಸ್ಥೆಗಳುಂಟು. ಟೈಟನ್ ನೌಕೆಯನ್ನು ಅವರ ಪರೀಕ್ಷೆಗೆ ಒಪ್ಪಿಸಲೇ ಇಲ್ಲ. ಅಂಥ ಕಟ್ಟಳೆಗಳು ಹೊಸದನ್ನು ಕಂಡುಹಿಡಿಯುವವರಿಗೆ ಅಡ್ಡಿಯೆಂಬದು ಯಜಮಾನನ ಅಭಿಪ್ರಾಯ. ಇಲ್ಲಿ ನಾವು ಅಪೊಸ್ತಲರ ಕೃತ್ಯಗಳ 27ನೆಯ ಅಧ್ಯಾಯಕ್ಕೆ ಬರುತ್ತೇವೆ.

ಪೌಲನು ಸೆರೆಯವನಾಗಿ ರೋಮಾಪುರಕ್ಕೆ ಸಾಗಿಸಲ್ಪಡುತ್ತಿದ್ದನು. ಕ್ರೇತದ್ವೀಪದ ಒಂದು ರೇವಿನಲ್ಲಿ ಹಡಗು ನಿಂತಿರಲಾಗಿ, ಸಮುದ್ರ ಪ್ರಯಾಣದ ಕಾಲವು ಮೀರಿದ್ದರಿಂದ, ಈಗ ಹೊರಟರೆ ಸರಕಿಗೂ ಹಡಗಿಗೂ ಪ್ರಾಣಗಳಿಗೂ ಕೇಡಾದೀತೆಂದು ಅವನು ಎಚ್ಚರಿಸಿದನು. ಆದರೆ ಶತಾಧಿಪತಿಯು ಪೌಲನ ಮಾತಿಗಿಂತ ನಾವಿಕನ ಮಾತನ್ನೂ ಹಡಗಿನ ಯಜಮಾನನ ಮಾತನ್ನೂ ಹೆಚ್ಚಾಗಿ ನಂಬಿದನು. ಇದರಲ್ಲಿ ಏನು ವಿಚಿತ್ರ? ಲೋಕದ ರೀತಿಯೇ ಅದು. ಒಬ್ಬನು ಹಡಗಿನ ಒಡೆಯ, ಇನ್ನೊಬ್ಬನು ಕೈಗೆ ಸರಪಣಿ ಬಿದ್ದವನು. ನಮ್ಮಲ್ಲಿಯಾದರೂ ಪಂಚಾಯಿತಿ ಕೂಡಿದರೆ ಯಾರ ಮಾತು ನಡೆಯುವದು, ಯಾರ ಮಾತಿಗೆ ಸುಮ್ಮನಿರೋ ಎಂಬ ಉತ್ತರ ಬರುವದು, ನಿಮಗೆ ಗೊತ್ತುಂಟು.

ಟೈಟನ್ ನೌಕೆಗೂ ಒಬ್ಬ ಪೌಲನಿದ್ದನು. ಆ ಕಂಪನಿಯಲ್ಲಿ ಸಮುದ್ರದ ಕೆಲಸಗಳ ಮೇಲ್ವಿಚಾರಕನಾಗಿದ್ದ ಡೇವಿಡ್ ಲಾಕ್ರಿಡ್ಜ್ ಎಂಬವನು 2018ನೆಯ ಇಸವಿಯಲ್ಲಿ ನೌಕೆಯನ್ನು ಪರೀಕ್ಷಿಸಿ, ಅದರ ಗೋಡೆಯ ಗಟ್ಟಿತನವನ್ನು ಸರಿಯಾಗಿ ಶೋಧಿಸಿಲ್ಲವೆಂದೂ ಜನರನ್ನು ಇಳಿಸುವದು ಅಪಾಯವೆಂದೂ ಬರೆದುಕೊಟ್ಟನು. ಅವನನ್ನು ಕೆಲಸದಿಂದ ತೆಗೆದುಹಾಕಿದರು. ಅವನು ಸರಕಾರದವರಿಗೆ ದೂರು ಕೊಟ್ಟದ್ದಕ್ಕೆ ಅವನ ಮೇಲೆಯೇ ವ್ಯಾಜ್ಯ ಹೂಡಿದರು. ಅದೇ ವರುಷದಲ್ಲಿ ಮುಳುಗುನೌಕೆಗಳ ಕೆಲಸವನ್ನು ಬಲ್ಲ 30ಕ್ಕಿಂತ ಹೆಚ್ಚು ಮಂದಿ ಕೂಡಿ, ಈ ದಾರಿಯು ನಾಶಕ್ಕೆ ಹೋದೀತೆಂದು ಯಜಮಾನನಿಗೆ ಕಾಗದ ಬರೆದರು. ಇದೂ ಸಾಲದೆಂಬಂತೆ, ನೌಕೆಯೇ ಕೂಗಿ ಹೇಳಿತು. 2022ನೆಯ ಇಸವಿ ಜುಲೈ ತಿಂಗಳಲ್ಲಿ ಟೈಟಾನಿಕ್ಕನ್ನು ನೋಡಿ ಮೇಲಕ್ಕೆ ಬರುತ್ತಿರುವಾಗ ಒಳಗಿದ್ದವರಿಗೆ ಡಬ್ಬೆಂಬ ದೊಡ್ಡ ಶಬ್ದವು ಕೇಳಿಸಿತು. ಗೋಡೆಯ ಸ್ಥಿತಿಯನ್ನು ಗುರುತಿಸುವದಕ್ಕೆಂದು ಅವರೇ ಇಟ್ಟಿದ್ದ ಯಂತ್ರಗಳೂ ಆ ದಿನದಿಂದ ಬೇರೆ ತರದ ಗುರುತುಗಳನ್ನು ತೋರಿಸಲಾರಂಭಿಸಿದವು. ಆ ಗುರುತುಗಳನ್ನು ಓದಿ ನಿಲ್ಲಿಸುವವರಿರಲಿಲ್ಲ. ಚಳಿಗಾಲದಲ್ಲಿ ನೌಕೆಯನ್ನು ಬಯಲಿನಲ್ಲಿಯೇ ಬಿಟ್ಟರು; ಬೇಸಿಗೆ ಬರಲು ತಿರಿಗಿ ಇಳಿದರು.

ಕಾಡಿನ ಅಂಚಿನಲ್ಲಿ ಹೊಲವಿರುವ ನಮ್ಮ ಜನರಿಗೆ ಇದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಮುಸುಕಿನ ಜೋಳ ತೆನೆಗಟ್ಟಿದಾಗ, ಬಾಳೆ ಗೊನೆ ಹಾಕಿದಾಗ, ಬಂಡೀಪುರದ ಕಡೆಯಿಂದ ಆನೆಗಳೂ ಕಾಡುಹಂದಿಗಳೂ ಇಳಿಯುವವೆಂದು ರಾತ್ರಿಯೆಲ್ಲಾ ಅಟ್ಟಣೆಯ ಮೇಲೆ ಕೂತು ಕಾವಲು ಕಾಯುತ್ತೀರಷ್ಟೆ. ಕಾವಲಿನವನು ನಡುರಾತ್ರಿಯಲ್ಲಿ ತಗಡು ಬಡಿದು ಕೂಗಿದರೆ, ನಿದ್ರೆ ಕೆಡಿಸಿದನೆಂದು ಅವನನ್ನು ಅಟ್ಟಣೆಯಿಂದ ಇಳಿಸಿ ಮನೆಗೆ ಕಳುಹಿಸುವ ರೈತನುಂಟೋ? ಕಳುಹಿಸಿದರೆ ಆನೆಯು ಹಿಂದಿರುಗಿ ಹೋಗುವದೋ? ಕಾವಲುಗಾರನ ಹೊಣೆಯನ್ನು ದೇವರು ಯೆಹೆಜ್ಕೇಲನಿಗೆ 33ನೆಯ ಅಧ್ಯಾಯದಲ್ಲಿ ವಿವರಿಸಿದ್ದಾನೆ. ಕೂಗಿದವನು ತನ್ನ ಪ್ರಾಣವನ್ನು ಉಳಿಸಿಕೊಂಡನು, ಕೇಳಿಯೂ ಕೇಳದವನ ರಕ್ತವು ಅವನ ತಲೆಯ ಮೇಲೆಯೇ. ಆದರೆ ಇಲ್ಲಿ ಒಂದು ಭೇದವದೆ, ಅದು ನಮ್ಮ ಮನಸ್ಸನ್ನು ಬಹಳವಾಗಿ ನೋಯಿಸುತ್ತದೆ. ಯಜಮಾನನು ಕೇಳದೆ ಹೋದದ್ದಕ್ಕೆ ಯಜಮಾನನು ಮಾತ್ರ ಸಾಯಲಿಲ್ಲ. ಅವನನ್ನು ನಂಬಿ ಹತ್ತಿದ ನಾಲ್ವರು ಸತ್ತರು. ಅವರಲ್ಲಿ ಒಬ್ಬನು ಇನ್ನೂ ಹುಡುಗನು.

ಈ ಯಜಮಾನನನ್ನು ಕೇವಲ ದುಷ್ಟನೆಂದು ನಾವು ಎಣಿಸುವದಿಲ್ಲ. ಇತರರನ್ನು ಕಳುಹಿಸಿ ತಾನು ದಡದಲ್ಲಿ ಕೂತವನಲ್ಲ. ತಾನೇ ಒಳಗೆ ಕೂತು ಇಳಿದನು. ತನ್ನ ಮಾತನ್ನು ತಾನೇ ಪೂರ್ಣವಾಗಿ ನಂಬಿದ್ದನು. ಅದೇ ಭಯಂಕರವಾದದ್ದು. ಕ್ರೇತದಿಂದ ಹೊರಟಾಗ ದಕ್ಷಿಣದ ಗಾಳಿಯು ಮೆಲ್ಲಗೆ ಬೀಸಿತೆಂದೂ, ತಮ್ಮ ಎಣಿಕೆ ಕೈಗೂಡಿತೆಂದು ನಾವಿಕರು ಭಾವಿಸಿದರೆಂದೂ ಲೂಕನು ತಿಳಿಸುತ್ತಾನೆ. ಟೈಟನ್ ನೌಕೆಗೂ ಆ ಮೆಲ್ಲನೆಯ ಗಾಳಿ ಬೀಸಿತ್ತು. 2021, 2022ನೆಯ ಇಸವಿಗಳಲ್ಲಿ ಅದು ಹತ್ತಕ್ಕಿಂತ ಹೆಚ್ಚು ಸಾರಿ ಟೈಟಾನಿಕ್ಕಿನ ವರೆಗೆ ಹೋಗಿ ಸುಖವಾಗಿ ಬಂದಿತ್ತು. ಒಂದೊಂದು ಸಾರಿ ಬಂದಾಗಲೂ ಎಚ್ಚರಿಸಿದವರು ಹೇಡಿಗಳಾಗಿ ಕಂಡರು. ಒಳಗೆ ಪದರಗಳು ಬಿಡುತ್ತಿದ್ದದ್ದು ಕಣ್ಣಿಗೆ ಕಾಣಲಿಲ್ಲ. ಕ್ಷೇಮವಾಗಿ ಬಂದದ್ದು ಎಲ್ಲರಿಗೂ ಕಂಡಿತು. ಮದ್ಯಪಾನವನ್ನು ಗುಟ್ಟಾಗಿ ಮಾಡುವವನಿಗೂ, ಬಡ್ಡಿಯ ಮೇಲೆ ಬಡ್ಡಿ ಸಾಲ ತರುವವನಿಗೂ, ಇದುವರೆಗೆ ಏನೂ ಆಗಲಿಲ್ಲವೆಂಬ ಗಾಳಿಯು ಹೀಗೆಯೇ ಹಿತವಾಗಿ ಬೀಸುವದು. ಆದರೆ ಈ ಸಾರಿ ನಾವು ಆ ಮಾತನ್ನು ಬೆಳೆಸುವದಿಲ್ಲ, ಯಾಕಂದರೆ ನಮ್ಮ ಮನಸ್ಸಿನಲ್ಲಿರುವದು ಕ್ವಾರಿಯ ಕೂಲಿಯವರು.

ನಮ್ಮ ಸಭೆಗಳವರಲ್ಲಿ ಕಲ್ಲು ಒಡೆಯುವವರಿದ್ದಾರೆ, ಲಾರಿಗೆ ತುಂಬುವವರಿದ್ದಾರೆ, ಬಾವಿಗೆ ಇಳಿಯುವವರಿದ್ದಾರೆ, ಕಟ್ಟಡದ ಸಾರುವೆಯ ಮೇಲೆ ನಿಲ್ಲುವವರಿದ್ದಾರೆ. ಚಾಮರಾಜನಗರದ ಕರಿಕಲ್ಲು ದೂರದೇಶಗಳಿಗೆ ಹೋಗುತ್ತದೆ. ಅದನ್ನು ಬಿಡಿಸುವವನ ಮನೆಗೆ ಸಂಜೆಯ ರಾಗಿ ಮಾತ್ರ ಬರುತ್ತದೆ. ಬಂಡೆಯಲ್ಲಿ ಹೊಸ ಬಿರುಕು ಬಿದ್ದದ್ದನ್ನು ಮೊದಲು ಕಾಣುವವನು ಅವನೇ. ಮಳೆಯಾದ ಮೇಲೆ ಗುಡ್ಡದ ಮೇಲಣ ಮಣ್ಣು ಸಡಿಲವಾದದ್ದೂ, ಹಗ್ಗದ ಎಳೆ ಸವೆದದ್ದೂ, ಮದ್ದು ಇಡುವ ಕುಳಿ ಸರಿಯಾಗಿಲ್ಲದ್ದೂ ಅವನಿಗೇ ಮೊದಲು ತಿಳಿಯುವದು. ಅವನು ಮೇಸ್ತ್ರಿಗೆ ಹೇಳಬೇಕೋ ಬಾರದೋ? ಹೇಳಿದರೆ, ನಾಳೆಯಿಂದ ಬರಬೇಡವೆಂಬ ಉತ್ತರ ಬಂದೀತೆಂಬ ಭಯವದೆ. ಆ ಭಯವು ಸುಳ್ಳಲ್ಲ. ಕೆಲಸ ಕಳಕೊಳ್ಳುವ ಭಯವನ್ನು ಹುಟ್ಟಿಸಿ ಎಚ್ಚರಿಸುವವರ ಬಾಯಿ ಕಟ್ಟಿದ್ದರೆಂದು ಆ ದೊಡ್ಡ ಕಂಪನಿಯ ವಿಷಯದಲ್ಲಿಯೂ ವರದಿಯಲ್ಲಿ ಬರೆಯಲ್ಪಟ್ಟದೆ. ಓದು ಬರಹ ಬಲ್ಲ ದೊರೆಗಳ ದೇಶದಲ್ಲೇ ಹೀಗಾದರೆ, ದಿನಗೂಲಿಯವನು ಏನು ಮಾಡಿಯಾನು?

ಸತ್ಯ ಹೇಳಿದವನಿಗೆ ದೇವರು ಮರುದಿನವೇ ಇನ್ನೂ ಒಳ್ಳೆಯ ಕೆಲಸವನ್ನು ಕೊಡುವನೆಂದು ನಾವು ನಿಮಗೆ ಮಾತು ಕೊಡಲಾರೆವು. ಹಾಗೆ ಮಾತು ಕೊಡುವ ಬೋಧಕರು ನಿಮ್ಮನ್ನು ಮೋಸಗೊಳಿಸುವರು. ಲಾಕ್ರಿಡ್ಜನ ಮಾತು ಸರಿಯೆಂದು ಲೋಕವು ಒಪ್ಪುವದಕ್ಕೆ ಐದು ವರುಷವೂ ಐದು ಪ್ರಾಣಗಳೂ ಹಿಡಿದವು. ಪೌಲನ ಮಾತು ಸರಿಯೆಂದು ತೋರಿದಾಗ ಹಡಗೇ ಒಡೆಯುತ್ತಿತ್ತು. ಹೀಗಿದ್ದರೂ ಪೌಲನು ಹೇಳಿದನು, ಅದೂ ಸರಪಣಿಯೊಡನೆ. ನಮ್ಮ ಬುದ್ಧಿಮಾತು ಇಷ್ಟೇ. ಒಬ್ಬನೇ ಹೋಗಿ ಹೇಳಬೇಡ. ಇಬ್ಬರನ್ನೋ ಮೂವರನ್ನೋ ಕರಕೊಂಡು ಹೋಗು. ಜಗಳವಾಡಬೇಡ, ಕಂಡದ್ದನ್ನು ಕಂಡ ಹಾಗೆ ಹೇಳು. ಮೇಸ್ತ್ರಿ ಕೇಳದಿದ್ದರೆ ಸಭೆಯ ಹಿರಿಯರಿಗೆ ತಿಳಿಸು. ಅವರು ನಿನ್ನ ಸಂಗಡ ಯಜಮಾನನ ಬಳಿಗೂ, ಅಗತ್ಯವಿದ್ದರೆ ಅಧಿಕಾರಿಗಳ ಬಳಿಗೂ ಬರಲಿ. ಅಷ್ಟಾದರೂ ಅವನ ಕೂಲಿ ತಪ್ಪಿದರೆ? ಆಗ ಸಭೆಯವರ ಸರದಿ ಬರುವದು. ನಮ್ಮ ಹೆಂಗಸರು ಅಡಿಗೆಗೆ ಅಳೆಯುವಾಗ ಒಂದು ಹಿಡಿ ಅಕ್ಕಿಯನ್ನೋ ರಾಗಿಯನ್ನೋ ಕರ್ತನಿಗೆಂದು ತೆಗೆದಿಡುವ ಪದ್ಧತಿಯು ಹಿಂದಿನಿಂದ ಬಂದದೆ. ಕೆಲವು ಊರುಗಳಲ್ಲಿ ಆ ಗಡಿಗೆಯು ಈಗ ಮೂಲೆಗೆ ಸೇರಿದೆ. ಅದನ್ನು ತಿರಿಗಿ ತೆಗೆಯಿರಿ. ಸತ್ಯ ಹೇಳಿ ಕೂಲಿ ಕಳಕೊಂಡವನ ಮನೆಯಲ್ಲಿ ಒಲೆ ಆರದಂತೆ ನೋಡಿಕೊಳ್ಳದ ಸಭೆಗೆ, ಸತ್ಯ ಹೇಳು ಎಂದು ಅವನಿಗೆ ಬೋಧಿಸುವ ಹಕ್ಕಿಲ್ಲ.

ಮೇಸ್ತ್ರಿಗಳೂ ಗುತ್ತಿಗೆದಾರರೂ ನಮ್ಮ ಸಭೆಗಳಲ್ಲಿ ಇಲ್ಲದಿಲ್ಲ. ಅವರಿಗೆ ಹೇಳತಕ್ಕದ್ದು ಧರ್ಮೋಪದೇಶಕಾಂಡದಲ್ಲಿಯೇ ಬರೆದದೆ. ನಾವು ಅದಕ್ಕೆ ಏನೂ ಕೂಡಿಸುವದಿಲ್ಲ.

ಇನ್ನು ದುಃಖದಲ್ಲಿರುವವರ ಮಾತು. ಜೂನ್ 18ರಿಂದ 22ರ ವರೆಗೆ ಲೋಕದ ಎಲ್ಲಾ ಕಡೆಯಲ್ಲಿ ಜನರು ಪ್ರಾರ್ಥಿಸಿದರು. ನೌಕೆಯಲ್ಲಿ 96 ಗಂಟೆಗಳಿಗೆ ಸಾಲುವಷ್ಟು ಆಮ್ಲಜನಕವದೆ ಎಂದು ಕೇಳಿ, ಗಂಟೆಗಳನ್ನು ಎಣಿಸುತ್ತಾ ಕಾದರು. ನೌಕೆಯು ಮೊದಲನೆಯ ದಿವಸವೇ ಒಡೆದಿತ್ತೆಂದೂ, ಆ ಶಬ್ದವನ್ನು ಅಮೆರಿಕಾ ನೌಕಾದಳದ ಯಂತ್ರಗಳು ಅಂದೇ ಹಿಡಿದಿದ್ದವೆಂದೂ ಆಮೇಲೆ ತಿಳಿಯಿತು. ಹಾಗಾದರೆ ಆ ನಾಲ್ಕು ದಿನಗಳ ಪ್ರಾರ್ಥನೆಗಳು ನೀರಿನ ಪಾಲಾದವೋ ಎಂದು ಯಾರಾದರೂ ಕೇಳಬಹುದು. ಆಮ್ಲಜನಕವಿಲ್ಲದ ಆ ರಾತ್ರಿಯಲ್ಲಿ ಚಾಮರಾಜನಗರದ ಆಸ್ಪತ್ರೆಯ ಹೊರಗೆ ನಿಂತು ಮೊರೆಯಿಟ್ಟವರೂ ಇದನ್ನೇ ಕೇಳಿರಬಹುದು. ನಮ್ಮ ಕರಾವಳಿಯಲ್ಲಿಯೂ ಇಂಥ ಕಾಯುವಿಕೆ ನಡೆದದೆ. 2018ನೆಯ ಇಸವಿ ಡಿಸೆಂಬರ್ ತಿಂಗಳಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಎಂಬ ಮೀನುಗಾರಿಕೆಯ ದೋಣಿಯು ಏಳು ಮಂದಿಯೊಡನೆ ಕಾಣದೆ ಹೋಯಿತು. ಮರುವರುಷ ಮೇ ತಿಂಗಳಲ್ಲಿ ನೌಕಾದಳದ ಐ.ಎನ್.ಎಸ್. ನಿರೀಕ್ಷಕ್ ಎಂಬ ಹಡಗಿನವರು ಮಾಲ್ವಣದ ಸಮುದ್ರದ ತಳದಲ್ಲಿ ಅದರ ಅವಶೇಷವನ್ನು ಕಂಡುಹಿಡಿಯುವ ತನಕ, ನಾಲ್ಕು ತಿಂಗಳಿಗಿಂತ ಹೆಚ್ಚು ಕಾಲ, ಆ ಮನೆಯವರು ಬಾಗಿಲ ಕಡೆಗೇ ನೋಡುತ್ತಿದ್ದರು.

ಬೇಥಾನ್ಯದಲ್ಲಿ ಲಾಜರನು ಸತ್ತು ನಾಲ್ಕು ದಿನಗಳಾದ ಮೇಲೆ ಕರ್ತನು ಬಂದನು. ನೀನು ಇಲ್ಲಿ ಇದ್ದಿದ್ದರೆ ಎಂದು ಅಕ್ಕತಂಗಿಯರು ಒಬ್ಬರಾದ ಮೇಲೊಬ್ಬರು ಆತನ ಮುಖದ ಮುಂದೆಯೇ ದೂರಿದರು. ಆತನು ಅವರನ್ನು ಗದರಿಸಲಿಲ್ಲ. ಲಾಜರನನ್ನು ಎಬ್ಬಿಸುವೆನೆಂದು ಬಲ್ಲವನಾಗಿಯೂ ಮೊದಲು ಅತ್ತನು. ತಡವಾಗಿ ಮುಟ್ಟಿದ ಪ್ರಾರ್ಥನೆಯನ್ನು ಆತನು ಹೇಗೆ ತಕ್ಕೊಳ್ಳುವನೆಂಬದಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ನಮ್ಮಲ್ಲಿಲ್ಲ. ಸಮುದ್ರದ ಕಟ್ಟಕಡೆಯಲ್ಲಿಯೂ ದೇವರ ಕೈ ಹಿಡಿಯುವದೆಂದು 139ನೆಯ ಕೀರ್ತನೆಯನ್ನು ಬರೆದವನು ಬಲ್ಲನು. ತಪ್ಪಿಸಿ ಮೇಲಕ್ಕೆ ಎತ್ತುವನೆಂದು ಅವನು ಹೇಳಲಿಲ್ಲ, ಹಿಡಿಯುವನೆಂದನು. ಬೆಳಕಿಲ್ಲದ ಆ ಆಳಕ್ಕೂ ಬೆಳಕಿನ ಒಡೆಯನ ದೃಷ್ಟಿಯು ಮುಟ್ಟುವದು.

ಆ ಹುಡುಗನ ತಾಯಿಯು ಮೇಲಿನ ಹಡಗಿನಲ್ಲೇ ಇದ್ದಳು. ಮೊದಲು ಗಂಡನ ಸಂಗಡ ತಾನು ಇಳಿಯಬೇಕೆಂದಿದ್ದವಳು, ಮಗನು ಆಶೆಪಟ್ಟದ್ದರಿಂದ ತನ್ನ ಸ್ಥಳವನ್ನು ಅವನಿಗೆ ಬಿಟ್ಟುಕೊಟ್ಟಳೆಂದು ಆಮೇಲೆ ಆಕೆಯೇ ಹೇಳಿದಳು. ದಾವೀದನು ಅಬ್ಷಾಲೋಮನಿಗೋಸ್ಕರ ಬಾಗಿಲ ಮೇಲಣ ಕೋಣೆಗೆ ಏರಿ, ನಿನಗೆ ಬದಲಾಗಿ ನಾನು ಸಾಯಬಾರದಾಗಿತ್ತೇ ಎಂಬ ಭಾವದಿಂದ ಅತ್ತದ್ದನ್ನು ಓದಿದಾಗಲೆಲ್ಲಾ ನಮಗೆ ಈಗ ಆ ತಾಯಿಯ ನೆನಪು ಬರುತ್ತದೆ.  ದುಃಖಿಸುವದಕ್ಕೆ ಮುಂಚೆ ಮತವನ್ನು ಕೇಳುವದು ನಾಯಿನೂರಿನ ದ್ವಾರದಲ್ಲಿ ವಿಧವೆಯ ಮಗನ ಚಟ್ಟವನ್ನು ನಿಲ್ಲಿಸಿದಾತನ ರೀತಿಯಲ್ಲ.

ಪೌಲನ ಕಡೆಗೆ ಇನ್ನೊಂದು ಸಾರಿ ನೋಡಿರಿ. ಬಿರುಗಾಳಿಯಲ್ಲಿ ಬಹು ದಿನ ತೇಲಿದ ಮೇಲೆ ಅವನು ಏನು ಮಾಡಿದನು? ನನ್ನ ಮಾತನ್ನು ಕೇಳಬೇಕಾಗಿತ್ತೆಂದು ಒಂದು ಸಾರಿ ಹೇಳಿದನು. ಹೇಳಲೇಬೇಕಾಗಿತ್ತು, ಯಾಕಂದರೆ ಸತ್ಯವನ್ನು ಮುಚ್ಚಿಡುವದು ಪ್ರೀತಿಯಲ್ಲ. ಆಮೇಲೆ ಆ ಮಾತನ್ನು ಬಿಟ್ಟು ಅವರಿಗೆ ಧೈರ್ಯ ಹೇಳಿದನು. ಬೆಳಗಾಗುವಾಗ ರೊಟ್ಟಿಯನ್ನು ತಕ್ಕೊಂಡು ಎಲ್ಲರ ಮುಂದೆ ದೇವರಿಗೆ ಸ್ತೋತ್ರಮಾಡಿ ಮುರಿದು ತಿನ್ನಲಾರಂಭಿಸಿದನು. ಅದನ್ನು ನೋಡಿ ಅವರೆಲ್ಲರೂ ತಿಂದರು. ಸಾವಿನ ಮನೆಗೆ ಹೋಗುವ ನಮ್ಮ ಹಿರಿಯರು ಇದನ್ನು ಗಮನಿಸಲಿ. ಅಲ್ಲಿ ಹೀಗೆ ಮಾಡಬೇಕಾಗಿತ್ತು, ಹಾಗೆ ಮಾಡಬೇಕಾಗಿತ್ತು ಎಂದು ಹತ್ತು ಸಾರಿ ಹೇಳುವವರು ಬಹಳ. ಒಲೆ ಹೊತ್ತಿಸಿ ಒಂದು ಮುದ್ದೆ ಬೇಯಿಸಿ ಎದುರಿಗೆ ಇಡುವವರು ಕಡಿಮೆ.

ಆ ಹಡಗಿನಲ್ಲಿದ್ದವರನ್ನು ಲೂಕನು ಎಣಿಸಿ ಬರೆದಿದ್ದಾನೆ: 276 ಮಂದಿ. ಯಜಮಾನನು, ನಾವಿಕರು, ಸಿಪಾಯಿಗಳು, ಸೆರೆಯವರು, ಎಲ್ಲರೂ ಆ ಒಂದೇ ಲೆಕ್ಕದಲ್ಲಿ ಸೇರಿದ್ದಾರೆ. ಟೈಟನ್ ಇಳಿಯುವದಕ್ಕೆ ನಾಲ್ಕು ದಿನ ಮುಂಚೆ, ಜೂನ್ 14ರಂದು, ಗ್ರೀಸ್ ದೇಶದ ಪೈಲೋಸ್ ಊರಿನ ಎದುರಿನ ಸಮುದ್ರದಲ್ಲಿ ಇನ್ನೊಂದು ದೋಣಿಯು ಮುಳುಗಿತು. ಹೊಟ್ಟೆಗಾಗಿಯೂ ಪ್ರಾಣಭಯದಿಂದಲೂ ದೇಶಬಿಟ್ಟ ಬಡವರು ಅದರಲ್ಲಿ ತುಂಬಿದ್ದರು. ಪಾಕಿಸ್ತಾನ, ಐಗುಪ್ತ, ಸಿರಿಯಾ ದೇಶಗಳವರು ಬಹು ಮಂದಿ. ಬದುಕಿದವರು 104 ಮಂದಿ, ಸಿಕ್ಕಿದ ಹೆಣಗಳು 82. ಹತ್ತಿದವರು ಸುಮಾರು 750 ಎಂದು ಅಂದಾಜು ಮಾಡುತ್ತಾರೆ. ಎಣಿಸಿ ಬರೆದ ಲೂಕನು ಆ ದೋಣಿಯಲ್ಲಿರಲಿಲ್ಲ. ಐವರನ್ನು ಹುಡುಕುವದಕ್ಕೆ ಅನೇಕ ದೇಶಗಳ ಹಡಗುಗಳೂ ವಿಮಾನಗಳೂ ಹೋದದ್ದು ತಪ್ಪೆಂದು ನಾವು ಹೇಳುವದಿಲ್ಲ. ಒಂದು ಕುರಿಗಾಗಿ ಕುರುಬನು ಅಷ್ಟನ್ನೂ ಮಾಡುವನು. ಆದರೆ ಈ ನೂರಾರು ಮಂದಿಯ ಸುದ್ದಿಯು ನಮ್ಮ ಟೀ ಅಂಗಡಿಗಳ ವರೆಗೆ ಯಾಕೆ ಬರಲಿಲ್ಲ? ಬಡವರಾದ ನಾವೇ ಬಡವರ ಸಾವನ್ನು ಕೇಳಿಸಿಕೊಳ್ಳಲಿಲ್ಲವೋ?

ಈ ಪತ್ರಿಕೆಯು ನಿಮಗೆ ಮುಟ್ಟಿದ ಮೇಲೆ ಬರುವ ಮೊದಲನೆಯ ಭಾನುವಾರದಲ್ಲಿ, ಉಪದೇಶಿಗಳು ಸಭೆಯ ಪ್ರಾರ್ಥನೆಯ ಹೊತ್ತಿನಲ್ಲಿ ಇವರೆಲ್ಲರ ಮನೆಯವರನ್ನು ದೇವರ ಮುಂದೆ ನೆನಸಬೇಕೆಂದು ಕೇಳಿಕೊಳ್ಳುತ್ತೇವೆ. ಟೈಟನ್ ನೌಕೆಯ ಐವರ ಮನೆಯವರು, ಪೈಲೋಸಿನ ದೋಣಿಯವರ ಮನೆಯವರು, ಮಲ್ಪೆಯ ಏಳು ಮಂದಿಯ ಮನೆಯವರು, ಮಡಹಳ್ಳಿಯ ಮೂವರ ಮನೆಯವರು, ಆಸ್ಪತ್ರೆಯಲ್ಲಿ ಉಸಿರು ನಿಂತ 24 ಮಂದಿಯ ಮನೆಯವರು. ನಿಮ್ಮ ಊರಿನಲ್ಲಿಯೇ ಬಾವಿಯಲ್ಲಾಗಲಿ ಕ್ವಾರಿಯಲ್ಲಾಗಲಿ ಸತ್ತವರಿದ್ದರೆ ಅವರ ಮನೆಯವರನ್ನು ಹೆಸರು ಹಿಡಿದು ನೆನಸಿರಿ. ಪ್ರಾರ್ಥನೆ ಮುಗಿದ ಮೇಲೆ ಹಿಡಿಯಕ್ಕಿಯ ಗಡಿಗೆಯನ್ನು ಮುಂದಕ್ಕೆ ತಂದಿಡಿರಿ; ಅದನ್ನು ಮೊದಲು ಯಾರ ಮನೆಗೆ ಒಯ್ಯಬೇಕೆಂಬದನ್ನು ಹಿರಿಯರು ಅಲ್ಲಿಯೇ ಕೂತು ಗೊತ್ತುಮಾಡಲಿ.